ಕರೆಯುವ ವಿದ್ಯೆ

ಚೌತಿಯ ದಿನ ಗಣಪತಿಯನ್ನು ಕೂರಿಸುವ ಮನೆಗಳಲ್ಲಿ ಷೋಡಶೋಪಚಾರ ಪೂಜೆ ನಡೆಯುತ್ತದಷ್ಟೆ. ಧ್ಯಾನ ಮುಗಿದ ಕೂಡಲೇ ಬರುವುದು ಆವಾಹನೆ. ಪುರೋಹಿತರು ‘ಆವಾಹಯಾಮಿ’ ಎಂದು ಅಕ್ಷತೆ ಹಾಕಿಸುತ್ತಾರೆ. ಅಲ್ಲಿಯವರೆಗೆ ಮಣ್ಣಾಗಿದ್ದದ್ದು ಆ ಗಳಿಗೆಯಿಂದ ದೇವರು. ಸಂಜೆಗೋ ಮೂರನೆಯ ದಿನಕ್ಕೋ ಆರತಿ ಎತ್ತಿ, ಹೋಗಿ ಬಾ ಎಂದು ಹೇಳಿ ಕೆರೆಗೆ ಬಿಡುತ್ತೇವೆ. ಇದನ್ನೆಲ್ಲ ನಾವು ಎಷ್ಟು ಸಲೀಸಾಗಿ ಮಾಡುತ್ತೇವೆಂದರೆ, ಅದರೊಳಗೆ ಎಂಥ ಧೈರ್ಯವಿದೆ ಎಂಬುದು ಗಮನಕ್ಕೇ ಬರುವುದಿಲ್ಲ. ಎಲ್ಲೆಲ್ಲಿಯೂ ಇದ್ದಾನೆಂದು ನಾವೇ ಹೇಳುವವನನ್ನು ‘ಇಲ್ಲಿಗೆ ಬಾ’ ಎನ್ನುವುದು ಸಣ್ಣ ಮಾತೇ? ಕರೆಯಲು ನಾನು ಯಾರು? ಕರೆದರೆ ಅವನು ಬರಲೇಬೇಕೆ? ಬಂದದ್ದೇ ಆದರೆ ಆ ಬರವಿನ ವೆಚ್ಚವನ್ನು ಯಾರ ಲೆಕ್ಕಕ್ಕೆ ಬರೆಯುವುದು? ಮೊದಲಿನ ಎರಡು ಪ್ರಶ್ನೆಗಳನ್ನು ಪಂಡಿತರು ಕೇಳಿಯಾರು. ಮೂರನೆಯದು ಬ್ಯಾಂಕ್ ಗುಮಾಸ್ತನ ಪ್ರಶ್ನೆ. ಇಪ್ಪತ್ತು ವರ್ಷ ಖರ್ಚು ಜಮೆಗಳ ನಡುವೆ ಕುಳಿತವನಿಗೆ ಮೊದಲು ಹೊಳೆಯುವುದೂ ಅದೇ.

ನನ್ನ ಮಗಳು ಓದುವ ಇಂಗ್ಲಿಷ್ ಕತೆ ಪುಸ್ತಕಗಳಲ್ಲಿ ಭೂತಗಳನ್ನೂ ದೇವತೆಗಳನ್ನೂ ಕರೆಯಲು ಕಲಿಸುವ ಶಾಲೆಗಳೇ ಇರುತ್ತವೆ. ನೆಲದಲ್ಲಿ ಮಂಡಲ ಬರೆಯಬೇಕು, ಹೆಸರನ್ನು ತಪ್ಪದೆ ಉಚ್ಚರಿಸಬೇಕು, ಗುರು ಹೇಳಿದ ಗೆರೆಯನ್ನು ದಾಟಬಾರದು; ಪರೀಕ್ಷೆಯೂ ಉಂಟು, ನಪಾಸಾಗುವವರೂ ಉಂಟು. ‘ಅಪ್ಪಾ, ಹೀಗೆ ನಿಜವಾಗಿ ಎಲ್ಲಾದರೂ ಇದೆಯಾ?’ ಎಂದು ಅವಳು ಕೇಳಿದಳು. ಕಾಸರಗೋಡಿನ ಕಡೆಯವನಾದ ನಾನು ಇಲ್ಲವೆಂದು ಹೇಗೆ ಹೇಳಲಿ?

ನಮ್ಮ ಮಲಯಾಳಿ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ಕಾಟಕ ಮಾಸದ ಮಳೆಯಲ್ಲಿ ಆಡಿವೇಡನ್ ಎಂದು ಮನೆಮನೆಗೆ ಬರುವ ಹುಡುಗರು ವಣ್ಣಾನ್, ಮಲಯನ್ ಮನೆತನದ ಮಕ್ಕಳು. ಆ ಪುಟ್ಟ ವೇಷವೇ ಅವರಿಗೆ ಒಂದನೆಯ ತರಗತಿ. ಮುಂದೆ ತೋಟ್ಟಂ ಬಾಯಿಪಾಠ, ಮುಖದ ಬರವಣಿಗೆ, ಹೆಜ್ಜೆ, ಬೆಂಕಿ. ವರ್ಷಗಟ್ಟಲೆ ಕಲಿತು, ಹಿರಿಯರು ಒಪ್ಪಿ, ಪಟ್ಟ ಸಿಕ್ಕಿದ ಮೇಲೆ ಪೆರುವಣ್ಣಾನ್ ಎಂಬ ಹೆಸರು. ತೋಟ್ಟಂನಲ್ಲಿ ದೈವವನ್ನು ಬರಮಾಡಿಕೊಳ್ಳುವ ಭಾಗಕ್ಕೆ ವರವಿಳಿ ಎಂದೇ ಹೆಸರು. ಬರುವಂತೆ ಕರೆಯುವುದು ಎಂದರ್ಥ. ಮುಡಿ ಏರಿಸಿಕೊಂಡು ಕೈಗನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವ ಕ್ಷಣದಲ್ಲಿ ಅವನು ಕಾಣುವುದು ತನ್ನನ್ನಲ್ಲ, ದೈವವನ್ನು. ತುಳುವರ ಕೋಲದಲ್ಲಿಯೂ ಹೀಗೆಯೇ ಕ್ರಮವುಂಟು. ಎಣ್ಣೆಬೂಳ್ಯ ಕೊಟ್ಟು ಒಪ್ಪಿಸದೆ ಯಾರೂ ವೇಷ ಕಟ್ಟುವುದಿಲ್ಲ. ಕರೆಯುವುದು ಒಂದು ವಿದ್ಯೆ, ಅದಕ್ಕೆ ಗುರುಮನೆಯುಂಟು, ಕರೆದವನಿಗೂ ಕರೆಸಿದವನಿಗೂ ಕಟ್ಟುಪಾಡುಗಳುಂಟು ಎಂಬುದು ನಮಗೆ ಹುಟ್ಟಿನಿಂದಲೇ ಗೊತ್ತಿರುವ ಸಂಗತಿ.

ಆದರೆ ಕೆಲಸದ ನಿಮಿತ್ತ ಕೊಯಮತ್ತೂರಿಗೆ ಬಂದು ನೆಲೆಸಿದ ಮೇಲೆ ನಾನು ಕಂಡದ್ದು ಬೇರೆ ಬಗೆಯ ಕರೆ. ಈ ಲೇಖನ ಅದರ ಕುರಿತು.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನವರು ತುಂಬ ಇದ್ದಾರೆ. (2009ರವರೆಗೆ ತಿರುಪ್ಪೂರು ಬೇರೆ ಜಿಲ್ಲೆಯಾಗಿರಲಿಲ್ಲ.) ಈ ಸೀಮೆ 1799ರವರೆಗೆ ಮೈಸೂರಿನ ಕೈಕೆಳಗಿತ್ತು, ಅದಕ್ಕೂ ಮುಂಚೆ ವಿಜಯನಗರದ ಕಾಲದಲ್ಲಿಯೇ ಬಂದವರು ತಾವೆಂದು ಹೇಳಿಕೊಳ್ಳುವ ಮನೆತನಗಳೂ ಇವೆ. ಅವರಲ್ಲಿ ನೇಕಾರ ದೇವಾಂಗರು ಮುಖ್ಯರು. ಸಿರುಮುಗೈಯ ರೇಷ್ಮೆ ಸೀರೆ, ನೆಗಮದ ಹತ್ತಿ ಸೀರೆ ಎಲ್ಲ ಇವರ ಕೈಯವು. ಮನೆಯಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ತೆಲುಗು. ಓದುವುದು, ಬರೆಯುವುದು, ಲಗ್ನಪತ್ರಿಕೆ, ಬ್ಯಾಂಕಿನ ಅರ್ಜಿ, ಇವೆಲ್ಲ ತಮಿಳು. ಕನ್ನಡವನ್ನು ಆಡಬಲ್ಲ, ಆದರೆ ಕನ್ನಡದ ಒಂದು ಅಕ್ಷರವನ್ನೂ ಗುರುತಿಸಲಾರದ ಅಜ್ಜಂದಿರು ನನ್ನ ಕೌಂಟರಿನ ಮುಂದೆ ಎಷ್ಟೋ ಬಾರಿ ನಿಂತದ್ದುಂಟು. ಗಡಿನಾಡಿನ ಓದುಗರಿಗೆ ಈ ಪಾಡು ಹೊಸದೇನಲ್ಲ.

ಇವರ ಕುಲದೇವತೆ ಚೌಡೇಶ್ವರಿ. ತಮಿಳಿನ ಬಾಯಲ್ಲಿ ಸೌಡೇಶ್ವರಿ, ರಾಮಲಿಂಗ ಸೌಡೇಶ್ವರಿ ಅಮ್ಮ. ಬಟ್ಟೆಯಿಲ್ಲದ ಲೋಕಕ್ಕೆ ನೂಲು ತರಲು ದೇವಲ ಮಹರ್ಷಿ ವಿಷ್ಣುವಿನ ಬಳಿಗೆ ಹೋಗಿ, ನಾಭಿಕಮಲದ ಎಳೆಗಳನ್ನು ಪಡೆದು ಹಿಂತಿರುಗುವಾಗ ರಾಕ್ಷಸರು ಮುತ್ತಿದರಂತೆ. ಆಗ ಜ್ಯೋತಿಯೊಳಗಿಂದ ಎದ್ದು ಬಂದು ಕಾಪಾಡಿದವಳು ಚೌಡೇಶ್ವರಿ ಎಂದು ಇವರ ಪುರಾಣ. ಕುಲದ ಮೂಲಪುರುಷನೇ ಆಪತ್ತಿನಲ್ಲಿ ಕೂಗಿ ಕರೆದವನು ಎನ್ನಬೇಕು.

ಕೊಯಮತ್ತೂರಿನ ರಾಜವೀದಿಯಲ್ಲಿ ಜವಳಿ ಅಂಗಡಿಗಳ ನಡುವೆ ಈ ಅಮ್ಮನ ಗುಡಿಯಿದೆ. ವಿಜಯದಶಮಿಯ ದಿನ ಅಲ್ಲಿ ಕತ್ತಿ ಹಾಕುವ ಉತ್ಸವ. ಉಪವಾಸವಿದ್ದು ಮಡಿಯಲ್ಲಿರುವ ಗಂಡಸರು, ಹುಡುಗರು, ವೀರಕುಮಾರರೆಂದು ಅವರಿಗೆ ಹೆಸರು, ಬರಿಮೈಯಲ್ಲಿ, ಕೈಗಳಲ್ಲಿ ಕತ್ತಿ ಹಿಡಿದು ದೇವಿಯ ಮುಂದೆ ಮೇಳದ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಹೆಜ್ಜೆಗೊಂದು ಏಟು ತಮ್ಮದೇ ಎದೆಗೆ, ತೋಳಿಗೆ. ರಕ್ತ ಇಳಿಯುತ್ತದೆ. ಪಕ್ಕದಲ್ಲಿ ತಟ್ಟೆ ಹಿಡಿದು ಬರುವವರು ಗಾಯದ ಮೇಲೆ ಭಂಡಾರ, ಎಂದರೆ ಅರಿಶಿನದ ಹುಡಿ, ಒತ್ತುತ್ತಾರೆ. ಮತ್ತೆ ಏಟು. ಬೀದಿಯ ಎರಡೂ ಬದಿ ಜನ. ಮೊದಲ ಸಲ ನೋಡಿದ ವರ್ಷ ನಾನು ಅರ್ಧಕ್ಕೇ ತಲೆ ತಿರುಗಿಸಿ ಟೌನ್‌ಹಾಲ್ ಕಡೆಗೆ ನಡೆದುಬಿಟ್ಟೆ. ಎರಡನೆಯ ವರ್ಷ ನಿಂತು ಕೇಳಿಸಿಕೊಂಡೆ. ನೋಡಲಾಗದ್ದನ್ನು ಕೇಳಿಸಿಕೊಳ್ಳುವುದು ಸ್ವಲ್ಪ ಸುಲಭ.

ಅವರು ಕೂಗುತ್ತಿದ್ದದ್ದು ‘ವೇಸುಕೋ ತಾಯೇ, ತೀಸುಕೋ ತಾಯೇ’ ಎಂದು. ಎರಡೂ ತೆಲುಗು ಸೊಲ್ಲುಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ದೇವಿಯೊಡನೆ ತೆಲುಗು! ತೀಸುಕೋ ಎಂದರೆ ತೆಗೆದುಕೋ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರನ್ನು ಕೇಳಿದೆ, ‘ಇದು ಅಮ್ಮನನ್ನು ಕರೆಯುವುದಲ್ಲವೇ ಅಣ್ಣಾ? ಬಾ ಅಂತ ಯಾಕೆ ಯಾರೂ ಅನ್ನುವುದಿಲ್ಲ?’ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಕೈಯಲ್ಲಿ ಏನೂ ಇಲ್ಲದೆ ಬಾ ಅಂದರೆ ಯಾರು ಬರ್ತಾರೆ?’ ಎಂದರು.

ನಮ್ಮೂರಿನ ವರವಿಳಿಯ ಮಾತು ‘ಬಾ’. ಇಲ್ಲಿಯ ಮಾತು ‘ತಗೋ’. ಈ ಎರಡರ ನಡುವಿನ ಅಂತರವನ್ನು ನಾನು ಹಲವು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಚೆಕ್ಕು ಎಂಬುದನ್ನು ನಮ್ಮ 1881ರ ಕಾಯಿದೆ ಹೇಳುವ ಬಗೆ ಓದುಗರಿಗೆ ತಿಳಿದಿರಬಹುದು: ಬ್ಯಾಂಕಿನ ಮೇಲೆ ಬರೆದದ್ದು, ಕೇಳಿದಾಗ ಕೊಡಬೇಕಾದದ್ದು. ಚೆಕ್ಕು ಬರೆಯುವವನು ‘ದಯವಿಟ್ಟು’ ಎನ್ನುವುದಿಲ್ಲ, ಆಜ್ಞೆ ಮಾಡುತ್ತಾನೆ. ಆ ಆಜ್ಞೆಗೆ ಬಲ ಬರುವುದು ಅವನು ಮೊದಲು ಖಾತೆಗೆ ತುಂಬಿದ ಹಣದಿಂದ. ಮಂತ್ರದಿಂದ ದೇವತೆಯನ್ನು ಬರಮಾಡುತ್ತೇನೆ ಎನ್ನುವ ಮಾಂತ್ರಿಕ ಚೆಕ್ಕು ಬರೆಯುವವನ ಹಾಗೆ. ‘ತಗೋ’ ಎನ್ನುವವನು ಜಮಾ ಚೀಟಿ ಬರೆಯುವವನು. ಜಮಾ ಚೀಟಿ ಬರೆದವನಿಗೆ ಆ ಕ್ಷಣಕ್ಕೆ ಸಿಗುವುದು ಒಂದು ಮೊಹರು ಮಾತ್ರ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಕತೆಯಾಗುತ್ತಿತ್ತು. ಆದರೆ ಕತ್ತಿ ಹಾಕುವುದರ ಹಿಂದೆ ಅವರೇ ಹೇಳುವ ಇನ್ನೊಂದು ಕತೆಯಿದೆ. ತಮ್ಮ ಊರಿಗೆ ಬರಬೇಕೆಂದು ಕರೆದಾಗ ಅಮ್ಮ ಒಪ್ಪಲಿಲ್ಲವಂತೆ. ಆಗ ವೀರಕುಮಾರರು ಕತ್ತಿಯಿಂದ ತಮ್ಮ ಮೈಯನ್ನೇ ಕಡಿದುಕೊಳ್ಳತೊಡಗಿದರಂತೆ. ಮಕ್ಕಳ ನೋವು ನೋಡಲಾರದೆ ತಾಯಿ ಹೊರಟು ಬಂದಳಂತೆ. ಈ ಕತೆಯಲ್ಲಿ ‘ತಗೋ’ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಬಾರದಿದ್ದರೆ ಸಾಯುತ್ತೇವೆ, ಆ ಪಾಪವನ್ನು ತಗೋ ಎಂದಾಗುತ್ತದೆ. ಹಟ ಹಿಡಿದ ಮಗು ತಲೆಯನ್ನು ನೆಲಕ್ಕೆ ಕುಟ್ಟಿಕೊಂಡರೆ ತಾಯಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿಬರುತ್ತಾಳೆ. ಅವಳು ಬಂದದ್ದು ಪ್ರೀತಿಯಿಂದಲೇ ಸರಿ. ಆದರೆ ಆ ಪ್ರೀತಿಯನ್ನೇ ಹಗ್ಗ ಮಾಡಿ ಎಳೆದದ್ದಲ್ಲವೆ? 1932ರಲ್ಲಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತಾಗ ಅಂಬೇಡ್ಕರರ ಮುಂದಿದ್ದದ್ದು ಇದೇ ಇಕ್ಕಟ್ಟು. ತನ್ನ ದೇಹವನ್ನು ತಾನೇ ದಂಡಿಸಿಕೊಳ್ಳುವವನು ಯಾರ ಮೇಲೂ ಕೈ ಎತ್ತುವುದಿಲ್ಲ ನಿಜ. ಎದುರಿನವನಿಗೆ ಇಲ್ಲವೆನ್ನುವ ದಾರಿಯನ್ನೂ ಉಳಿಸುವುದಿಲ್ಲ. ಸೆಪ್ಟೆಂಬರ್ 24ರಂದು ಒಪ್ಪಂದಕ್ಕೆ ಸಹಿ ಬಿತ್ತು. ಆ ಸಹಿ ಎಷ್ಟರ ಮಟ್ಟಿಗೆ ಮನಃಪೂರ್ವಕವಾದದ್ದು ಎಂಬ ವಾದ ಇಂದಿಗೂ ಮುಗಿದಿಲ್ಲ.

ಹಾಗಾದರೆ ರಾಜವೀದಿಯ ‘ತಗೋ’ ಯಾವುದು, ಜಮೆಯೋ ಬಲಾತ್ಕಾರವೋ? ಎರಡೂ ಇದ್ದೀತು ಎಂದೇ ನನಗೆ ತೋರುತ್ತದೆ. ಒಬ್ಬನೇ ಮನುಷ್ಯನಲ್ಲಿ ಒಂದು ಏಟಿಗೆ ಇದು, ಮುಂದಿನ ಏಟಿಗೆ ಅದು. ಆದರೆ ಇವೆರಡನ್ನು ಬೇರೆಮಾಡಿ ನೋಡಲು ಒಂದು ಉಪಾಯವುಂಟು: ದೇವರು ಬಾರದಿದ್ದಾಗ ಕರೆದವರು ಏನು ಮಾಡುತ್ತಾರೆ ಎಂದು ನೋಡಬೇಕು. ಬಂದಾಗ ಎಲ್ಲರೂ ಭಕ್ತರೇ.

ಇದಕ್ಕೆ ದೇವಾಂಗರ ಆಚರಣೆಯಲ್ಲಿಯೇ ಒಂದು ಪರೀಕ್ಷೆಯಿದೆ. ಮದರಾಸಿನ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್, ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಲ್ಲಿ ತಂದ ಗ್ರಂಥದಲ್ಲಿ ಚೌಡೇಶ್ವರಿ ಹಬ್ಬದ ವಿವರ ಬರೆದಿದ್ದಾನೆ. ಹಬ್ಬದ ದಿನಗಳಲ್ಲಿ ಮಗ್ಗಗಳು ನಿಲ್ಲುತ್ತವೆ. ಮೊದಲ ದಿನ ಅಲಗು ನಿಲ್ಲಿಸುವುದು: ಪೂಜಾರಿ ಉದ್ದನೆಯ ಕತ್ತಿಯೊಂದನ್ನು ಗಡಿಗೆಯ ಬಾಯಿಯ ಅಂಚಿನ ಮೇಲೆ ಮೊನೆಯೂರಿ ನೆಟ್ಟಗೆ ನಿಲ್ಲಿಸಲು ನೋಡುತ್ತಾನೆ, ಅಲಗಿನವರು ಅದೇ ಹೊತ್ತಿಗೆ ಎದೆಗೆ ಕತ್ತಿ ಹಾಕಿಕೊಳ್ಳುತ್ತಾರೆ. ಎರಡನೆಯ ದಿನ ಅಕ್ಕಿಹಿಟ್ಟು ಬೆಲ್ಲದ ಮುದ್ದೆಯಲ್ಲಿ ಗುಳಿ ಮಾಡಿ ತುಪ್ಪದ ಬತ್ತಿ ಹಚ್ಚುವ ಜ್ಯೋತಿ. ಮೂರನೆಯ ದಿನ ಪಾನಕ, ನೈವೇದ್ಯ; ಆ ಮುದ್ದೆಯನ್ನೇ ಮುರಿದು, ಪೂಜಾರಿಗೆ, ಸೆಟ್ಟಿಗೆ, ಅಲಗಿನವರಿಗೆ, ಆಮೇಲೆ ಉಳಿದವರಿಗೆ, ಗೊತ್ತಾದ ಕ್ರಮ ತಪ್ಪದೆ ಹಂಚುವುದು. ನೂರು ವರ್ಷದ ಮೇಲಾದರೂ ಇದರ ಮುಖ್ಯಾಂಶಗಳು ಇಲ್ಲಿನ ಊರುಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ.

ಗಡಿಗೆಯ ಅಂಚಿನ ಮೇಲೆ ಕತ್ತಿ ನಿಂತರೆ ಅಮ್ಮ ಬಂದಳು. ಬಿದ್ದರೆ? ಥರ್ಸ್ಟನ್ ಹೇಳುವ ಪ್ರಕಾರ ಯಾರೋ ಮೈಲಿಗೆ ತಂದಿದ್ದಾರೆ ಎಂದು ಅರ್ಥ. ಅಲಗಿನವರು ಮತ್ತೆ ಸ್ನಾನ ಮಾಡಬೇಕು, ಗೋಮೂತ್ರ, ನಿಂಬೆರಸ ಚಿಮುಕಿಸಬೇಕು, ಮುಟ್ಟಾದ ಹೆಂಗಸರು ದೂರವಿರಬೇಕು. ನಾನು ತಿರುಪ್ಪೂರು ಜಿಲ್ಲೆಯ ಒಂದು ಶಾಖೆಯಲ್ಲಿದ್ದ ಐದು ವರ್ಷಗಳಲ್ಲಿ ಒಮ್ಮೆ ಇದನ್ನು ಕಣ್ಣಾರೆ ಕಂಡೆ. ಊರಿನ ಹೆಸರು ಬೇಡ. ಪೂಜಾರಿ ಒಂದು ಗಂಟೆಗೂ ಮೀರಿ ಪ್ರಯತ್ನಪಟ್ಟರು. ಕತ್ತಿ ಮೂರು ಸಲ ವಾಲಿತು. ಮೇಳದವರ ಕೈ ಸೋತಿತ್ತು. ಆಗ, ಯಾರೂ ಏನೂ ಹೇಳದೆಯೇ, ಗಂಡಸರ ಕಣ್ಣುಗಳೆಲ್ಲ ಮೆಲ್ಲನೆ ಹೆಂಗಸರು ನಿಂತ ಕಡೆಗೆ ಹೊರಳಿದವು. ಅಲ್ಲಿ ಒಬ್ಬ ಹುಡುಗಿ, ಹದಿನಾಲ್ಕೋ ಹದಿನೈದೋ ಇರಬೇಕು, ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ಸರಿದು ಗೋಡೆಯ ಮರೆಗೆ ಹೋದಳು. ಅವಳಿಗೆ ಮುಟ್ಟಾಗಿತ್ತೋ ಇಲ್ಲವೋ. ಅಷ್ಟು ಕಣ್ಣುಗಳು ನೋಡಿದರೆ ಯಾರಾದರೂ ಸರಿಯುತ್ತಾರೆ. ಸ್ವಲ್ಪ ಹೊತ್ತಿಗೆ ಕತ್ತಿ ನಿಂತಿತು. ಎಲ್ಲರೂ ಕೈಮುಗಿದರು.

ಎದೆ ಕಡಿದುಕೊಂಡವರ ಬಗ್ಗೆ ನನಗೆ ಗೌರವವಿದೆ. ಅವರು ತಮ್ಮದನ್ನೇ ಕೊಟ್ಟರು, ಇನ್ನೊಬ್ಬರ ಕೋಳಿಯನ್ನಲ್ಲ. ಆದರೆ ಆ ಗಳಿಗೆಯಲ್ಲಿ ಲೆಕ್ಕ ಇನ್ನೊಂದು ಖಾತೆಗೆ ವರ್ಗವಾಯಿತು. ಬೆಲೆ ತೆರುತ್ತೇವೆ ಎಂದವರು ಗಂಡಸರು. ದೇವಿ ತಡಮಾಡಿದಾಗ ಬಾಕಿ ಬಿದ್ದದ್ದು ಆ ಹುಡುಗಿಯ ಹೆಸರಿನಲ್ಲಿ. ಅವಳೇನೂ ಅರ್ಜಿ ಹಾಕಿರಲಿಲ್ಲ. ನನ್ನ ಮಟ್ಟಿಗೆ ಕರೆಯುವ ವಿದ್ಯೆಯ ಮುಖ್ಯ ನೀತಿಪ್ರಶ್ನೆ ರಕ್ತದ್ದಲ್ಲ, ಇದೇ. ಕತ್ತಿ ಬೀಳಬಹುದು. ಬೀಳುವ ಸ್ವಾತಂತ್ರ್ಯ ಕತ್ತಿಗಿದ್ದರೆ ಮಾತ್ರ ಅದು ನಿಂತದ್ದಕ್ಕೆ ಅರ್ಥ. ‘ಈ ಸಲ ಅಮ್ಮನಿಗೆ ಮನಸ್ಸಿಲ್ಲ’ ಎಂದು ಹೇಳುವ ಎದೆಗಾರಿಕೆ, ಎದೆಗೆ ಕತ್ತಿ ಹಾಕಿಕೊಳ್ಳುವವರಿಗೆ ಯಾಕೆ ಇರಬಾರದು?

ಬಾರದ ದೇವರ ಕತೆಯನ್ನು ಮಲಯಾಳದವರು ನಮಗಿಂತ ಚೆನ್ನಾಗಿ ಬಲ್ಲರು. ಎಂ.ಟಿ. ವಾಸುದೇವನ್ ನಾಯರ್ ತಮ್ಮ ‘ಪಳ್ಳಿವಾಳುಂ ಕಾಲ್ಚಿಲಂಬುಂ’ ಕತೆಯನ್ನು 1973ರಲ್ಲಿ ‘ನಿರ್ಮಾಲ್ಯಂ’ ಸಿನೆಮಾ ಮಾಡಿದರು. ಅದರ ವೆಳಿಚ್ಚಪ್ಪಾಡ್ ಆಯುಷ್ಯವಿಡೀ ದೇವಿಗೆ ಬಾಯಾಗಿದ್ದವನು. ಊರಿಗೆ ದೇವಿಯ ನುಡಿ ಕೊಟ್ಟವನ ಮನೆಯಲ್ಲಿ ಅಕ್ಕಿಯಿಲ್ಲ. ಉತ್ಸವದ ದಿನವೇ ತನ್ನ ಹೆಂಡತಿ ಸಾಲ ಕೊಟ್ಟವನ ಜತೆಯಲ್ಲಿರುವುದನ್ನು ಕಾಣುತ್ತಾನೆ. ಕೊನೆಗೆ ಗುಡಿಯ ಮುಂದೆ ಕುಣಿಯುತ್ತ ಹಣೆಗೆ ಕತ್ತಿಯಿಂದ ಕಡಿದುಕೊಂಡು, ಬಾಯಿಗೆ ಬಂದ ರಕ್ತವನ್ನು ದೇವಿಯ ಮುಖಕ್ಕೇ ಉಗುಳುತ್ತಾನೆ. ಪಿ.ಜೆ. ಆಂಟನಿಯವರ ಆ ಮುಖವನ್ನು ಕಂಡವರು ಮರೆಯಲಾರರು. ಅವನೂ ರಕ್ತವನ್ನೇ ಕೊಟ್ಟ. ಅವನ ‘ತಗೋ’ ಬೇರೆ. ಆದರೂ ಒಂದು ಮಾತಿನಲ್ಲಿ ನಾನು ಅವನನ್ನು ನಾನು ಕಂಡ ಆ ಊರಿನ ಗಂಡಸರಿಗಿಂತ ಮೇಲಿಡುತ್ತೇನೆ. ಅವನು ದೇವಿ ಬಾರದ್ದಕ್ಕೆ ದೇವಿಯನ್ನೇ ಕೇಳಿದ. ಗೋಡೆಯ ಮರೆಯ ಹುಡುಗಿಯ ಕಡೆ ನೋಡಲಿಲ್ಲ.

ಇನ್ನು ಬಂದುಬಿಟ್ಟ ದೇವರ ಕತೆ. ಮಹಾಭಾರತದ ಕುಂತಿ ಹುಡುಗಿಯಾಗಿದ್ದಾಗ ದೂರ್ವಾಸರ ಸೇವೆ ಮಾಡಿ ಮಂತ್ರ ಪಡೆದಳು. ಯಾವ ದೇವರನ್ನು ಬೇಕಾದರೂ ಕರೆಯಬಹುದು. ಇದು ನಿಜವೋ ಎಂದು ನೋಡುವ ಕುತೂಹಲಕ್ಕೆ ಸೂರ್ಯನನ್ನು ಕರೆದಳು. ಅವನು ಬಂದ. ಹೆದರಿ, ಹೋಗು ಎಂದಳು. ತನ್ನ ಬರವು ವ್ಯರ್ಥವಾಗುವ ಹಾಗಿಲ್ಲ ಎಂದ. ಅಲ್ಲಿ ಕರೆದವಳಿಗೂ ಸ್ವಾತಂತ್ರ್ಯವಿಲ್ಲ, ಬಂದವನಿಗೂ ಇಲ್ಲ. ಮಂತ್ರ ಮಾತ್ರ ಸ್ವತಂತ್ರ. ಜರ್ಮನಿಯ ಗೊಯ್ಟೆ 1797ರಲ್ಲಿ ಬರೆದ ಮಾಂತ್ರಿಕನ ಶಿಷ್ಯನ ಪದ್ಯದಲ್ಲಿ ಪೊರಕೆಗೆ ನೀರು ಹೊರಲು ಹೇಳಿ ನಿಲ್ಲಿಸುವ ಮಂತ್ರ ಮರೆತ ಹುಡುಗನ ಮನೆ ನೀರುಪಾಲಾಗುತ್ತದೆ; ಗುರು ಬಂದು ಸರಿಮಾಡುತ್ತಾನೆ, ನಾವು ನಗುತ್ತೇವೆ. ಕುಂತಿಯ ಮನೆಗೆ ಯಾವ ಗುರುವೂ ಹಿಂತಿರುಗಿ ಬರಲಿಲ್ಲ. ಪೆಟ್ಟಿಗೆಯಲ್ಲಿ ಹೊಳೆಯ ಪಾಲಾದ ಕೂಸು ಆ ಒಂದು ಕರೆಯ ಬೆಲೆಯನ್ನು ಕುರುಕ್ಷೇತ್ರದವರೆಗೂ ತೆರುತ್ತ ಹೋಯಿತು. ದೂರ್ವಾಸರಿಗೆ ಮಂತ್ರ ಕೊಡುವ ಮೊದಲು ಹುಡುಗಿಯ ವಯಸ್ಸು ಕೇಳಬೇಕೆಂದು ಯಾಕೆ ತೋರಲಿಲ್ಲವೋ!

ವಯಸ್ಸಿನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಅದೇ ತಿರುಪ್ಪೂರು ಜಿಲ್ಲೆಯ ಶಾಖೆಗೆ ನೇಕಾರ ಮುದ್ರಾ ಸಾಲದ ನವೀಕರಣಕ್ಕೆ ಬರುತ್ತಿದ್ದ ದೇವಾಂಗರೊಬ್ಬರು ನನಗೆ ಸ್ನೇಹಿತರಾಗಿದ್ದರು. ಕನ್ನಡ ಮಾತಾಡುವ ಬ್ಯಾಂಕಿನವನು ಎಂದೇ ಸ್ನೇಹ. ಹನ್ನೆರಡು ವರ್ಷ ಕತ್ತಿ ಹಾಕಿದವರು. ಅಂಗಿಯ ಗುಂಡಿ ಬಿಚ್ಚಿದರೆ ಎದೆಯ ಮೇಲೆ ಹಾಸು ಹೊಕ್ಕಿನ ಹಾಗೆ ಗೆರೆಗಳು. ಒಂದು ವರ್ಷ ನವರಾತ್ರಿಗೆ ಮುಂಚೆ ಬಂದು, ‘ಸಾರ್, ಹುಡುಗ ಈ ಸಲ ಕತ್ತಿ ಹಾಕ್ತೀನಿ ಅಂತ ಕೂತಿದಾನೆ. ನೀವು ಓದಿದವರು, ಏನಂತೀರಿ?’ ಎಂದರು. ಹುಡುಗನಿಗೆ ಹದಿನಾರು. ಶಾಲೆ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ್ದ. ಗುಡಿಯಂಗಳದಲ್ಲಿ ಹಿರಿಯರ ಜತೆ ಸಂಜೆಯ ಹೊತ್ತು ಮೊಂಡು ಕತ್ತಿಯಲ್ಲಿ ಹೆಜ್ಜೆ ಕಲಿಯುತ್ತಿದ್ದ. ಏಟು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು, ಮಣಿಕಟ್ಟನ್ನು ಎಷ್ಟು ತಿರುಗಿಸಬೇಕು ಎಂಬುದಕ್ಕೆಲ್ಲ ಅಲ್ಲಿ ಪಾಠವುಂಟು. ನನ್ನ ಮಗಳು ಕೇಳಿದ ಶಾಲೆ ಇದ್ದರೆ ಅದು ಹೀಗೆಯೇ ಇರಬೇಕು.

ನಾನು ನನಗೆ ಗೊತ್ತಿದ್ದ ಉತ್ತರವನ್ನು ಹೇಳಿದೆ. 1903ರಲ್ಲಿ ಕಲ್ಕತ್ತೆಯ ಒಬ್ಬ ಅಪ್ರಾಪ್ತ ಹುಡುಗನಿಗೆ ಸಾಲ ಕೊಟ್ಟು ಮನೆ ಅಡವು ಬರೆಸಿಕೊಂಡವರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಹದಿನೆಂಟು ತುಂಬದವನು ಮಾಡಿದ ಕರಾರು ಕರಾರೇ ಅಲ್ಲ. ಮೋಹರಿ ಬೀಬಿ ಮೊಕದ್ದಮೆ ಎಂದರೆ ಬ್ಯಾಂಕಿನ ಪರೀಕ್ಷೆ ಬರೆದವರಿಗೆಲ್ಲ ನೆನಪಿರುತ್ತದೆ. ‘ಅಣ್ಣಾ, ಹತ್ತು ಸಾವಿರದ ಸಾಲಕ್ಕೆ ಅವನ ಸಹಿ ನಾನು ತಗೊಳ್ಳೋ ಹಾಗಿಲ್ಲ. ಮೈಮೇಲಿನ ರಕ್ತಕ್ಕೆ ನೀವು ಹೇಗೆ ತಗೊಳ್ತೀರಿ?’ ಎಂದೆ.

ಅವರು ಸುಮ್ಮನಾಗಲಿಲ್ಲ. ‘ಬ್ಯಾಂಕು ಬೇರೆ, ಅಮ್ಮ ಬೇರೆ ಸಾರ್. ನೀವು ವಯಸ್ಸು ನೋಡ್ತೀರಿ, ಅವಳು ಮನಸ್ಸು ನೋಡ್ತಾಳೆ. ಕಂಪನಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡೀತಾನಲ್ಲ, ಅಲ್ಲಿ ಅವನ ವಯಸ್ಸು ಯಾರೂ ಕೇಳಲಿಲ್ಲ. ಅಲ್ಲಿ ಕೊಡೋದಕ್ಕಿಂತ ಇಲ್ಲಿ ಕೊಡೋದು ಮೇಲು ಅಂತಾನೆ. ಏನು ಹೇಳಲಿ?’

ಇದಕ್ಕೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಮಗ್ಗ ಸೊರಗಿ, ಪಲ್ಲಡ, ಸೋಮನೂರಿನ ಕಡೆಯೆಲ್ಲ ಪವರ್‌ಲೂಮ್ ಬಂದು, ಮಕ್ಕಳು ಹೊಲಿಗೆ ಯಂತ್ರದ ಮುಂದೆ ಕುಳಿತ ಮೇಲೆ, ತಾವು ನೇಕಾರರೆಂದು ತೋರಿಸಿಕೊಳ್ಳಲು ಹುಡುಗರಿಗೆ ಉಳಿದಿರುವ ಒಂದೇ ದಿನ ಆ ವಿಜಯದಶಮಿ ಎಂಬುದನ್ನು ನಾನು ಬಲ್ಲೆ. ಅವನು ಕರೆಯ ಹೊರಟದ್ದು ಅಮ್ಮನನ್ನೋ, ಕಳೆದುಹೋಗುತ್ತಿರುವ ತನ್ನ ಮನೆತನವನ್ನೋ? ಆದರೂ ಹದಿನಾರರ ‘ತಗೋ’ದಲ್ಲಿ ಕೊಡುವ ಮನಸ್ಸೆಷ್ಟು, ಗೆಳೆಯರ ಕಣ್ಣೆಷ್ಟು ಎಂದು ಬೇರ್ಪಡಿಸುವುದು ಅವನಿಂದಲೇ ಆಗದ ಮಾತು. ಕುಂತಿಗೂ ಆಗಲಿಲ್ಲ. ಕೊನೆಗೆ ಆ ಮನೆಯಲ್ಲಿ ತೀರ್ಮಾನ ಮಾಡಿದವರು ಹುಡುಗನ ಅಜ್ಜಿ. ಎಪ್ಪತ್ತು ದಾಟಿದವರು, ಕಂಡಿಕೆ ಸುತ್ತುತ್ತಲೇ ಮಾತು. ‘ಕರೆದ ತಕ್ಷಣ ಓಡಿ ಬರೋದಕ್ಕೆ ಅವಳೇನು ಕೂಲಿಯವಳಾ? ಮೊದಲು ಎರಡು ವರ್ಷ ಭಂಡಾರದ ತಟ್ಟೆ ಹಿಡಿ. ಬೇರೆಯವರ ಗಾಯ ಒತ್ತಿ ಕಲಿ’ ಎಂದರಂತೆ. ಆ ವರ್ಷ ಅವನು ತಟ್ಟೆ ಹಿಡಿದೇ ನಡೆದ.

ದೇವಾಂಗರು ತಮ್ಮವನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಇನ್ನೊಬ್ಬನುಂಟು. ಮುದನೂರಿನ ದೇವರ ದಾಸಿಮಯ್ಯ, ಬಸವಣ್ಣನಿಗಿಂತ ಮುಂಚಿನ ವಚನಕಾರ, ರಾಮನಾಥನೆಂಬುದು ಅವನ ಅಂಕಿತ. ಅವನ ಕುರಿತಾದ ಐತಿಹ್ಯವೊಂದು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ದಾಸಿಮಯ್ಯ ಕಾಡಿನಲ್ಲಿ ದೇಹ ದಂಡಿಸಿ ಘೋರ ತಪಸ್ಸಿಗೆ ನಿಂತಿದ್ದನಂತೆ. ಶಿವ ಪ್ರತ್ಯಕ್ಷನಾದ. ಆದದ್ದು ವರ ಕೊಡಲಿಕ್ಕಲ್ಲ. ಮೈಯನ್ನು ಹೀಗೆ ಹಿಂಸಿಸುವುದನ್ನು ಬಿಡು, ಲೋಕದಲ್ಲಿದ್ದು ದುಡಿ ಎನ್ನಲಿಕ್ಕೆ. ದಾಸಿಮಯ್ಯ ಕಾಡು ಬಿಟ್ಟು ಬಂದು ಮಗ್ಗಕ್ಕೆ ಕುಳಿತ. ಒಂದೇ ಕುಲದ ನೆನಪಿನಲ್ಲಿ ಮಕ್ಕಳ ಗಾಯ ಕಂಡು ಬರುವ ತಾಯಿಯೂ ಇದ್ದಾಳೆ, ಗಾಯ ಬೇಡವೆನ್ನಲೆಂದೇ ಬರುವ ಶಿವನೂ ಇದ್ದಾನೆ. ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡಿ ಎಂದು ಹೊರಗಿನವನಾದ ನಾನು ಹೇಳುವುದು ಸರಿಯಲ್ಲ. ಆದರೆ ದಾಸಿಮಯ್ಯನ ಜಯಂತಿಯ ಭಾಷಣಗಳಲ್ಲಿ ಈ ಕತೆ ಬರುವುದೇ ಅಪರೂಪ. ನೇಯ್ಗೆಯೇ ಸಾಕಾದ ಕರೆ ಎನ್ನುವ ಮಾತು ಕುಲದೊಳಗಿಂದಲೇ ಬಂದಿದೆ. ಅದನ್ನು ಕತ್ತಿಯಷ್ಟೇ ಗಟ್ಟಿಯಾಗಿ ಯಾರೂ ಎತ್ತಿ ಹಿಡಿಯುತ್ತಿಲ್ಲ.

ಕಳೆದ ಬಾರಿ ಆ ಸ್ನೇಹಿತರು ಕೊಯಮತ್ತೂರಿಗೆ ಬಂದಾಗ ಒಪ್ಪಣಕ್ಕಾರ ಬೀದಿಯಲ್ಲಿ ಕಾಫಿ ಕುಡಿಯುತ್ತ ಇದನ್ನೆಲ್ಲ ಮಾತಾಡಿದೆವು. ಅವರೀಗ ತಮ್ಮೂರಿನ ಗುಡಿಯ ಸಮಿತಿಯಲ್ಲಿದ್ದಾರೆ. ನಾನು ನಾಲ್ಕು ಮಾತು ಹೇಳಿದೆ: ಹದಿನೆಂಟಾಗದವರ ಕೈಗೆ ಕತ್ತಿ ಬೇಡ. ಒಬ್ಬನ ಮೈಗೆ ತಾಗಿದ ಕತ್ತಿ ಇನ್ನೊಬ್ಬನ ಕೈಗೆ ಹೋಗಬಾರದು. ಅರಿಶಿನ ಇರಲಿ, ಜತೆಗೆ ಒಬ್ಬ ಡಾಕ್ಟರೂ ಇರಲಿ. ಗಡಿಗೆಯ ಮೇಲೆ ಅಲಗು ನಿಲ್ಲದಿದ್ದರೆ ಆ ವರ್ಷ ಅಮ್ಮನಿಗೆ ಮನಸ್ಸಿರಲಿಲ್ಲ ಎಂದು ಹೇಳಿ ಪಾನಕ ಹಂಚಿ ಮನೆಗೆ ಹೋಗಿ. ಹೆಂಗಸರ ಕಡೆ ತಿರುಗಿ ನೋಡಬೇಡಿ.

ಅವರು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ‘ಮೊದಲಿನ ಮೂರೂ ಆಗುತ್ತೆ ಸಾರ್, ಹೇಳಿದರೆ ಕೇಳ್ತಾರೆ. ನಾಲ್ಕನೆಯದನ್ನು ನಾನು ಹೇಳಿದರೆ ನಡೆಯೋಲ್ಲ. ಅದಕ್ಕೆ ನಮ್ಮಮ್ಮನನ್ನೇ ಸಭೆಗೆ ಕರ್ಕೊಂಡು ಹೋಗಬೇಕು’ ಎಂದರು.